ಬರೆಯದೆ ಉಳಿದ ಎಪ್ಪತ್ತೊಂದು

ಅಗ್ವಾಡಾ, ಪೋರ್ಟೊ ರಿಕೊ
9 ಮೇ 1976

ಅಳಿಯ ಎವಾರಿಸ್ತೊ,

ದೇವರು ನಿನ್ನನ್ನು ಹರಸಲಿ. ನೀನು ಆಶೀರ್ವಾದ ಕೇಳುವ ಮೊದಲೇ ಕೊಟ್ಟುಬಿಟ್ಟಿದ್ದೇನೆ, ಅಂಚೆಯಲ್ಲಿ ಹೋಗಿ ಬರುವಷ್ಟರಲ್ಲಿ ಹದಿನೈದು ದಿನ ಹಾಳಾಗುತ್ತದೆ.

ಭಾನುವಾರ ನೀನು ಔಷಧಿ ಅಂಗಡಿಯ ಫೋನಿಗೆ ಕರೆ ಮಾಡಿದಾಗಲೆಲ್ಲ ನಿನ್ನ ಮಾತನ್ನು ನಿನ್ನ ಹೆಂಡತಿ ಮಿಗ್ದಾಲಿಯಾ ಒಬ್ಬಳೇ ಕುಡಿದುಬಿಡುತ್ತಾಳೆ. ನನಗೆ ಅವಳು ಕೊಡುವುದು ತಳದ ಗಸಿ: "ಚೆನ್ನಾಗಿದಾರಂತೆ ಅಪ್ಪ." ನನ್ನ ಬಲಗಿವಿಯನ್ನು ಸಕ್ಕರೆ ಗಿರಣಿಯ ಸೀಟಿ ಎಂದೋ ತಿಂದುಹಾಕಿತು, ಎಡಗಿವಿಗೆ ಫೋನು ಅಂದರೆ ಜೇನುಗೂಡು. ಆದ್ದರಿಂದ ಕಾಗದವೇ ಗತಿ. ನೀನೂ ಕಾಗದವನ್ನೇ ಬರೆಯತಕ್ಕದ್ದು. ನಿನ್ನ ಕೈಬರಹ ನೋಡುವುದೇ ಒಂದು ಚಂದ. ಎಡಗೈಯವರ ಅಕ್ಷರ ಹಿಂದಕ್ಕೆ ಒರಗಿ ಕೂತಿರುತ್ತದೆ, ಊಟವಾದ ಮೇಲೆ ಕುರ್ಚಿಯಲ್ಲಿ ಒರಗಿದ ಯಜಮಾನನ ಹಾಗೆ.

ವಿಷಯಕ್ಕೆ ಬರುತ್ತೇನೆ. ಮೊಂಚೊನ ಕ್ಷೌರದಂಗಡಿಯಲ್ಲಿ ಈಗ ಒಂದು ಕಪ್ಪುಹಲಗೆ ತೂಗುಹಾಕಿದ್ದೇವೆ. ಎರಡೇ ಹೆಸರು. ನಿನ್ನದು, ಆ ಪಶ್ಚಿಮದ ತಂಡದ ಪ್ರೂಯಿಟ್ ಅನ್ನುವವನದು. ಈ ವರ್ಷ ಯಾರು ಎಷ್ಟು ಬೇಸ್‌ಬಾಲ್ ಪಂದ್ಯಕ್ಕೆ ಇಳಿದರು ಅಂತ ಸೀಮೆಸುಣ್ಣದಲ್ಲಿ ಬರೆಯುತ್ತೇವೆ. ಇವತ್ತಿಗೆ ನೀನು ಹದಿನಾಲ್ಕು, ಅವನು ಹದಿನೈದು. ಬರೆಯುವವನು ಮೊಂಚೊ, ಪತ್ರಿಕೆ ನೋಡಿ ಹೇಳುವವನು ನಾನು. ನಲವತ್ತು ವರ್ಷ ಗಿರಣಿಯ ತೂಕದ ಮನೆಯಲ್ಲಿ ಕಬ್ಬಿನ ಗಾಡಿ ತೂಗಿದ ಕೈ ಇದು, ಅಂಕಿ ತಪ್ಪುವುದಿಲ್ಲ.

ಮೊಂಚೊ ನಿನ್ನೆ ರೇಗಿಸಿದ: "ಡಾನ್ ಇಲಾರಿಯೊ, ನಿಮ್ಮ ಅಳಿಯ ಪಂದ್ಯ ಶುರು ಮಾಡೋನೂ ಅಲ್ಲ, ಗೆಲ್ಲಿಸೋನೂ ಅಲ್ಲ. ಮೊದಲ್ನೇವನು ಸುಸ್ತಾದ್ಮೇಲೆ ನಡುವೆ ಬಂದು ನಾಕು ಚೆಂಡು ಎಸೆದು ಹೋಗ್ತಾನೆ. ಮದುವೆ ಮನೇಲಿ ತಟ್ಟೆ ಎತ್ತೋಕೆ ಬಂದೋನ ಥರ."

ನಾನೆಂದೆ: "ಊರಲ್ಲಿ ಆಗೋ ಎಲ್ಲ ಮದುವೆಗೂ ಕರೆಸ್ಕೊಳ್ಳೋನು ಮದುಮಗ ಅಲ್ಲ ಕಣೋ, ತಟ್ಟೆ ಎತ್ತೋನೇ!"

ಅರ್ಧ ಗಡ್ಡ ಹೆರೆಸಿಕೊಂಡು ಕೂತಿದ್ದವನು ನಕ್ಕು ಕೆನ್ನೆ ಕೊಯ್ಯಿಸಿಕೊಂಡ.

ಕ್ರಿಸ್‌ಮಸ್ಸಿನಲ್ಲಿ ನೀನು ಹೇಳಿದ್ದು ನನಗೆ ಮರೆತಿಲ್ಲ. "ಮಾವ, ನನಗೆ ಮೂವತ್ತನಾಲ್ಕು. ಗೆದ್ದವರ ಪಟ್ಟೀಲಿ ನನ್ನ ಹೆಸರು ಬರಲ್ಲ, ಶೂರರ ಪಟ್ಟೀಲೂ ಬರಲ್ಲ. ಅತಿ ಹೆಚ್ಚು ಪಂದ್ಯಕ್ಕೆ ಇಳಿದವನು ಅಂತ ಒಂದು ಸಾಲಿದೆಯಲ್ಲ, ಅಲ್ಲಿ ಒಂದೇ ಒಂದು ವರ್ಷ ಬಂದರೆ ಸಾಕು." ಬರುತ್ತದೆ. ನಮ್ಮ ಮಯಾಗ್ವೆಸ್ ಕಾಲೇಜಿನ ಇಂಗ್ಲಿಷ್ ಮೇಷ್ಟ್ರು ಹೇಳುತ್ತಿದ್ದರು, "ಎ ಮ್ಯಾನ್ ಈಸ್ ನೋನ್ ಬೈ..." ಅಂತ. ಮನುಷ್ಯನನ್ನು ಯಾವುದರಿಂದಲೋ ಗುರುತಿಸುತ್ತಾರಂತೆ. ಯಾವುದರಿಂದ ಅನ್ನುವುದು ಮರೆತುಹೋಗಿದೆ. ಇರಲಿ.

ಮ್ಯಾನೇಜರ್ ಕರೆದಾಗ ಇಲ್ಲ ಅನ್ನಬೇಡ.

ನಿನ್ನ ಮಾವ,
ಇಲಾರಿಯೊ ಕಿನ್ಯೋನೆಸ್


ಬಫಲೊ
20 ಮೇ 1976

ಮಾವ, ಆಶೀರ್ವಾದ ಮಾಡಿ.

ಹಲಗೆಯ ಸುದ್ದಿ ಓದಿ ದೊಡ್ಡಿಯವರೆಲ್ಲ ನಕ್ಕರು. ದೊಡ್ಡಿ ಅಂದರೆ ಮೈದಾನದ ಬೇಲಿಯಾಚೆ ನಮ್ಮನ್ನು ಕೂಡಿಹಾಕುವ ಜಾಗ. ಹೋರಿದೊಡ್ಡಿ ಅಂತಲೇ ಅದರ ಹೆಸರು. ಒಂದು ಬೆಂಚು, ಒಂದು ಫೋನು, ಏಳು ಜನ. ಜೊತೆಗೆ ಗಸ್ ಅನ್ನುವ ಮುದುಕ. ನಾವು ಕೈ ಬಿಸಿ ಮಾಡಿಕೊಳ್ಳುವಾಗ ನಮ್ಮ ಚೆಂಡು ಹಿಡಿಯುವವನು ಅವನೇ. ಅವನ ಬೆರಳುಗಳು ಶುಂಠಿ ಬೇರಿನ ಹಾಗಿವೆ. ಫೋನು ಬಡಿದ ಕೂಡಲೇ ಅವನು ನನ್ನ ಕಡೆ ನೋಡುತ್ತಾನೆ, ಎತ್ತುವ ಮೊದಲೇ. "ಎಡಚ, ನಿನಗೇ."

ಮಾವ, ಇಲ್ಲ ಅನ್ನುವ ಮಾತೇ ಇಲ್ಲ. ನಮ್ಮ ಮ್ಯಾನೇಜರ್ ಡಂಫಿಗೆ ಐದನೇ ಸರದಿ ಆಯಿತು ಅಂದರೆ ಕೈ ನವೆಯುತ್ತದೆ, ಫೋನು ಎತ್ತುತ್ತಾನೆ. ಮೊನ್ನೆ ಒಂದೇ ಆಟದಲ್ಲಿ, ಕೈ ಬಿಸಿ ಮಾಡಿಕೋ ಅಂತ ಎರಡು ಸಲ ಎಬ್ಬಿಸಿ, ಮೈದಾನಕ್ಕೆ ಇಳಿಸದೆ ಎರಡು ಸಲ ಕೂರಿಸಿದ. ನಿನ್ನೆ ಒಂದು ಸಲ ಎಬ್ಬಿಸಿ ಕೂರಿಸಿದ. ಇವತ್ತು ಎಬ್ಬಿಸಿದ, ಇಳಿಸಿದ. ಬ್ಯಾಟ್ ಹಿಡಿದು ಮೂರು ಜನ ಬಂದರು, ಮೂವರೂ ಔಟಾಗಿ ಹೋದರು. ಹಲಗೆಯಲ್ಲಿ ಇಪ್ಪತ್ತು ಅಂತ ಬರೆಸಿ.

ನನ್ನ ತೋಳು ಹೊಸ ಹಗ್ಗದ ಹಾಗಿದೆ. ಪ್ರೂಯಿಟ್‌ನ ಹೆಸರು ಸ್ವಲ್ಪ ಚಿಕ್ಕದಾಗಿ ಬರೆದರೂ ಆದೀತು.

ನಿಮ್ಮ ಎವಾರಿಸ್ತೊ


ಅಗ್ವಾಡಾ
6 ಜೂನ್ 1976

ಅಳಿಯ,

ದೇವರು ಹರಸಲಿ. ಇಪ್ಪತ್ತೆಂಟು! ಪ್ರೂಯಿಟ್ ಇಪ್ಪತ್ತೇಳು! ಮೊಂಚೊ ಬರೆಯುವಾಗ ಸೀಮೆಸುಣ್ಣ ಮುರಿಯಿತು, ಶುಭಶಕುನ ಅಂದೆ.

ಈಗ ಹಲಗೆ ನೋಡಲು ಪಕ್ಕದ ರಿಂಕೋನಿನಿಂದಲೂ ಜನ ಬರುತ್ತಾರೆ. ನೋಡಿದ ಮುಲಾಜಿಗೆ ಕೂದಲೂ ಕತ್ತರಿಸಿಕೊಂಡು ಹೋಗುತ್ತಾರೆ. ಊರಿನ ಅರ್ಧ ಗಂಡಸರು ಬೋಳಾಗಿದ್ದಾರೆ. ಔಷಧಿ ಅಂಗಡಿಯ ಡಾನ್ ಪ್ರಾಕ್ಸೆದೆಸ್, ನಮ್ಮ ಚಳಿಗಾಲದ ತಂಡದ ಯಜಮಾನ, ಅವನೂ ಬಂದು ಡಾಮಿನೊ ಆಟದ ನಡುವೆ ನನ್ನ ಪಕ್ಕ ಕೂತ. ಏನೋ ಒಂದು ಮಾತಾಯಿತು. ಅದು ಬೇರೆ ವಿಷಯ, ಆಮೇಲೆ.

ಮಿಗ್ದಾಲಿಯಾ ತಾನು ಪಾಠ ಹೇಳುವ ಶಾಲೆಯಲ್ಲಿ ಪರೀಕ್ಷೆ ಅಂತ ಕಾಗದದ ರಾಶಿ ಹೊತ್ತು ತರುತ್ತಾಳೆ. ನಿನ್ನೆ ಜೀಗುಜ್ಜೆ ಬೇಯಿಸಿ ಉಪ್ಪುಮೀನು ಹಾಕಿದ್ದಳು, ಅವಳ ಅಮ್ಮ ಪ್ರೊವಿ ಮಾಡುತ್ತಿದ್ದ ಹಾಗೇ. ಪ್ರೊವಿ ಹೋಗಿ ಎರಡು ವರ್ಷವಾಯಿತು, ಆದರೂ ಎಣ್ಣೆ ಎಷ್ಟು ಹಾಕಬೇಕು ಅಂತ ಕೇಳಲು ಅಡುಗೆಮನೆಯ ಕಡೆ ತಿರುಗಿಬಿಡುತ್ತೇನೆ. ಹಲಗೆ ನೋಡಿದ್ದರೆ ಅವಳು "ಎಣಿಸೋದು ಬಿಟ್ರೆ ನಿಮಗೆ ಬೇರೆ ಕೆಲಸ ಇಲ್ವಾ?" ಅನ್ನುತ್ತಿದ್ದಳು. ಇಲ್ಲ ಪ್ರೊವಿ, ಇಲ್ಲ.

ವಿಶ್ರಾಂತಿ ಎಲ್ಲ ಅಕ್ಟೋಬರಿನಲ್ಲಿ. ಕೆಂಡ ಕೆಂಪಗಿರುವಾಗಲೇ ಊದಬೇಕು.

ನಿನ್ನ ಮಾವ


ಸೇಂಟ್ ಲೂಯಿಸ್
24 ಜೂನ್ 1976

ಮಾವ, ಆಶೀರ್ವಾದ ಮಾಡಿ.

ಬಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ, ಕುಲುಕಾಟ. ಅಕ್ಷರ ಕ್ಷಮಿಸಿ. ಮೂವತ್ತೊಂಬತ್ತು ಆಯಿತು. ಎಲ್ಲ ಸುಖ. ಇಲ್ಲಿ ಬಿಸಿಲು ಬಹಳ.

ಎವಾರಿಸ್ತೊ


ಅಗ್ವಾಡಾ
5 ಜುಲೈ 1976

ಅಳಿಯ,

ದೇವರು ಹರಸಲಿ. ನಿನ್ನ ಸೇಂಟ್ ಲೂಯಿಸ್ ಕಾಗದ ಬಂತು. ಕಾಗದ ಅನ್ನಬೇಕೋ ತಂತಿ ಅನ್ನಬೇಕೋ.

ಒಂದು ಮಾತು ಕೇಳಲೇ? ಬಸ್ಸು ಕುಲುಕಿದರೆ ಅಕ್ಷರ ನಡುಗುತ್ತದೆ, ಒಪ್ಪಿದೆ. ಆದರೆ ನಿನ್ನ ಅಕ್ಷರ ಒರಗುವ ದಿಕ್ಕೇ ಬದಲಾಗಿದೆಯಲ್ಲ. ಯಾವಾಗಲೂ ಹಿಂದಕ್ಕೆ ಒರಗುತ್ತಿದ್ದ ಯಜಮಾನ ಈಗ ಮುಂದಕ್ಕೆ ಬಾಗಿ, ಒಂದೊಂದೂ ದುಂಡಗೆ, ಬಿಡಿಬಿಡಿಯಾಗಿ ನಿಂತಿದ್ದಾನೆ. ಕಾನ್ವೆಂಟಿನ ಹುಡುಗಿಯರು ಬರೆಯುವ ಹಾಗೆ. ಅದೆಂಥ ಬಸ್ಸಪ್ಪಾ ಅದು? ಸುಮ್ಮನೆ ಕೇಳಿದೆ. ನನಗೆ ಅರವತ್ತೆಂಟು ವರ್ಷ. ಕಣ್ಣಿಗೆ ಪೊರೆಯೂ ಬಂದಿರಬಹುದು.

ನಾನು ಪ್ರೊವಿಯನ್ನು ಬಿಟ್ಟು ಊರಾಚೆ ಇದ್ದದ್ದು ಕಾಲೇಜಿನ ಎರಡೇ ವರ್ಷ. ಆಗ ಮಯಾಗ್ವೆಸ್‌ನಲ್ಲಿ ಒಬ್ಬಳು ನನ್ನ ಅಂಗಿಗೆ ಗುಂಡಿ ಹೊಲಿದುಕೊಡುತ್ತೇನೆ ಅಂದಳು. ಗುಂಡಿಯಿಲ್ಲದ ಅಂಗಿಯಲ್ಲೇ ಪರೀಕ್ಷೆ ಬರೆದೆ. ಯಾಕೆ ಹೇಳಿದೆನೋ ಗೊತ್ತಿಲ್ಲ. ನೆನಪಾಯಿತು.

ಹಲಗೆಯಲ್ಲಿ ನಲವತ್ತನಾಲ್ಕು. ಪ್ರೂಯಿಟ್ ನಲವತ್ತನಾಲ್ಕು.

ಇಲಾರಿಯೊ


ಬಫಲೊ
17 ಜುಲೈ 1976

ಮಾವ, ಆಶೀರ್ವಾದ ಮಾಡಿ.

ಸಾರ್ಡೀನ್ ಡಬ್ಬಿ ತೆಗೆಯುವಾಗ ಹೆಬ್ಬೆರಳು ಕೊಯ್ದುಕೊಂಡೆ. ಆದ್ದರಿಂದ ಅಕ್ಷರ ಹೀಗೆ. ದೊಡ್ಡದೇನಲ್ಲ, ಮಿಗ್ದಾಲಿಯಾಗೆ ಹೇಳಬೇಡಿ. ಗುಂಡಿಯ ಕಥೆ ಅರ್ಥವಾಗಲಿಲ್ಲ, ಆದರೆ ಚೆನ್ನಾಗಿತ್ತು. ಈ ವಾರ ನಾಲ್ಕು ಪಂದ್ಯ. ಐವತ್ತು.

ಎವಾರಿಸ್ತೊ


ಅಗ್ವಾಡಾ
28 ಜುಲೈ 1976

ಶ್ರೀ ಎವಾರಿಸ್ತೊ ಲೆಬ್ರೋನ್ ಅವರಿಗೆ,

ಮೊದಲು ಬಸ್ಸು. ಆಮೇಲೆ ಡಬ್ಬಿ. ಎಡ ಹೆಬ್ಬೆರಳು ಕೊಯ್ದುಹೋದವನು ಅದೇ ವಾರ ನಾಲ್ಕು ಪಂದ್ಯದಲ್ಲಿ ಎಡಗೈಯಲ್ಲಿ ಚೆಂಡೆಸೆದದ್ದು ಹೇಗೆ? ನಾನು ತೂಕದ ಮನೆಯಲ್ಲಿ ಕೂತವನು. ಕಬ್ಬಿನ ಕಟ್ಟಿನೊಳಗೆ ಕಲ್ಲಿಟ್ಟು ತಂದವರನ್ನು ಗಾಡಿಯ ಕೀರಲಿನಿಂದಲೇ ಗುರುತಿಸುತ್ತಿದ್ದೆ.

ನೇರವಾಗಿ ಕೇಳುತ್ತೇನೆ. ಈ ದುಂಡು ಅಕ್ಷರ ಬರೆದುಕೊಡುವವಳು ಯಾರು? ನೀನು ಬಾಯಲ್ಲಿ ಹೇಳುತ್ತೀಯ, ಅವಳು ಬರೆಯುತ್ತಾಳೆ. ಹೆಂಡತಿಯ ಅಪ್ಪನಿಗೆ ಕಾಗದ ಬರೆಯುವಷ್ಟು ಸಲಿಗೆ ಇದ್ದರೆ ಉಳಿದದ್ದು ನಾನು ಊಹಿಸಬೇಕಾಗಿಲ್ಲ.

ಆ ದುಂಡು ಅಕ್ಷರದ ಎರಡೂ ಕಾಗದಗಳನ್ನು ಪ್ರೊವಿಯ ಹೊಲಿಗೆ ಡಬ್ಬಿಯೊಳಗೆ ಮುಚ್ಚಿಟ್ಟಿದ್ದೇನೆ. ಮಿಗ್ದಾಲಿಯಾ ಸೂಜಿ ಮುಟ್ಟುವವಳಲ್ಲ, ಅಲ್ಲಿ ಸುರಕ್ಷಿತ. ಅವಳು ಇನ್ನೂ ಭಾನುವಾರ ಬೆಳಿಗ್ಗೆ ಕೂದಲು ಬಾಚಿಕೊಂಡು ಫೋನಿಗೆ ಹೋಗುತ್ತಾಳೆ, ಫೋನಿಗೆ ಕಣ್ಣಿದೆ ಅನ್ನುವ ಹಾಗೆ.

ಹಲಗೆಯಲ್ಲಿ ಅಂಕಿ ಬರೆಸುತ್ತಿದ್ದೇನೆ, ಅದು ನನ್ನ ಕರ್ತವ್ಯ. ಐವತ್ತೈದು.

ಇ. ಕಿನ್ಯೋನೆಸ್


ಬಫಲೊ
5 ಆಗಸ್ಟ್ 1976

ಮಾವ, ಆಶೀರ್ವಾದ ಮಾಡಿ.

ಕಳೆದ ಕಾಗದದಲ್ಲಿ ನೀವು ಹರಸಿರಲಿಲ್ಲ. ಎರಡು ಸಲ ತಿರುವಿ ನೋಡಿದೆ.

ಯಾವ ಹೆಂಗಸೂ ಇಲ್ಲ. ಅತ್ತೆಯ ಸಮಾಧಿಯ ಮೇಲೆ ಕೈಯಿಟ್ಟು ಹೇಳುತ್ತೇನೆ. ಉಳಿದದ್ದು ಅಕ್ಟೋಬರಿನಲ್ಲಿ ನಿಮ್ಮ ಎದುರು ಕೂತು ಹೇಳುತ್ತೇನೆ. ಅಲ್ಲಿಯವರೆಗೆ ಕೇಳಬೇಡಿ. ಪ್ರೂಯಿಟ್ ನನಗಿಂತ ಒಂದು ಹಿಂದಿದ್ದಾನೆ. ಈಗ ನಿಲ್ಲಿಸುವುದಕ್ಕಾಗುವುದಿಲ್ಲ.

ಎವಾರಿಸ್ತೊ


ಅಗ್ವಾಡಾ
12 ಆಗಸ್ಟ್ 1976

ನನ್ನ ಮಗನೇ,

ದೇವರು ಹರಸಲಿ. ಹಿಂದಿನ ಸಲದ್ದೂ ಸೇರಿಸಿ ಎರಡು ಸಲ ಹರಸಲಿ.

ಮೊನ್ನೆ ಶಾಲೆ ಶುರುವಾಯಿತು. ಮಿಗ್ದಾಲಿಯಾಳ ರವಿಕೆಯ ಗುಂಡಿ ಕಿತ್ತುಬಂದಿತ್ತು. ಹೋಗಿ ಹೋಗಿ ಆ ಡಬ್ಬಿಯನ್ನೇ ತೆಗೆದಳು. ನಾನು ಅಂಗಳದಲ್ಲಿ ಕೆನೇಪಾ ಹಣ್ಣು ಚೀಪುತ್ತಾ ಕೂತಿದ್ದೆ. ಒಳಗಿಂದ ನಗು ಕೇಳಿಸಿತು, ನನ್ನ ಈ ಕಿವಿಗೂ ಕೇಳಿಸುವಷ್ಟು.

"ಅಪ್ಪಾ, ಇದನ್ನ ಯಾಕೆ ಇಲ್ಲಿ ಬಚ್ಚಿಟ್ಟಿದ್ದೀರ?"

ಬೀಜ ಗಂಟಲಿಗೆ ಹೋಗುವುದೊಂದು ಬಾಕಿ. "ಮಗಳೇ, ಧೈರ್ಯ ತಂದ್ಕೋ. ಬೇರೆ ಯಾರೋ ಹೆಂಗಸು..." ಅಂದೆ.

"ಹೆಂಗಸಾ? ಇದು ಅವರ ಬಲಗೈ ಅಪ್ಪಾ! ಮದುವೆಗೆ ಮುಂಚಿನ ಚಳಿಗಾಲದಲ್ಲಿ ಎಡಗೈ ಬೆರಳಿಗೆ ಚೆಂಡು ಬಡಿದಿತ್ತಲ್ಲ, ಆಗ ಮೂರು ವಾರ ನನಗೆ ಬಲಗೈಯಲ್ಲೇ ಪ್ರೇಮಪತ್ರ ಬರೆದಿದ್ರು. ಇದೇ ದುಂಡು ದುಂಡು."

"ಆಗ ನೀನು ಭೂಗೋಳ ಓದ್ತಿದೀನಿ ಅಂದಿದ್ದೆ."

ಅವಳು ಇನ್ನೂ ನಗುತ್ತಿದ್ದಳು. ನಗುನಗುತ್ತಲೇ ಸಟ್ಟನೆ ನಗು ನಿಲ್ಲಿಸಿದಳು. ಕಾಗದಗಳ ತಾರೀಖು ನೋಡಿದಳು. ಜೂನ್, ಜುಲೈ. ಸೂಜಿ ಕೈಯಲ್ಲೇ ಇತ್ತು. "ಅಪ್ಪ, ಎಡಗೈಗೆ ಏನಾಗಿದೆ?" ಅಂದಳು. ಆವತ್ತು ಮನೆಯಲ್ಲಿ ಇಬ್ಬರೂ ಊಟ ಮಾಡಲಿಲ್ಲ.

ಈಗ ನಾನು ಹೇಳುವುದನ್ನು ಕೇಳು. ಗಿರಣಿಗೆ ತಿಬುರ್ಸಿಯೊ ಅನ್ನುವವನು ಗಾಡಿ ಹೊಡೆಯುತ್ತಿದ್ದ. ಅವನದೊಂದು ಎತ್ತು, ಲುಸೆರೊ, ಹಣೆಯಲ್ಲಿ ಬಿಳಿ ಚುಕ್ಕೆ. ಸುಗ್ಗಿಯಲ್ಲಿ ಒಮ್ಮೆ ಗಾಣ ಕೆಟ್ಟಿತು. ತುಂಬಿದ ಗಾಡಿಗಳನ್ನು ಗೇಟಿನಿಂದಲೇ ವಾಪಸು ಕಳಿಸಿದೆವು, ನಾಳೆ ಬನ್ನಿ ಅಂತ. ಮರುದಿನವೂ ಅದೇ, ಅದರ ಮರುದಿನವೂ ಅದೇ. ಲುಸೆರೊ ಮೂರು ದಿನ ಅದೇ ಕಬ್ಬನ್ನು ಎಳೆದುಕೊಂಡು ಗುಡ್ಡ ಇಳಿಯಿತು, ಹತ್ತಿತು. ನಾಲ್ಕನೆಯ ದಿನ ಗಾಣ ತಿರುಗಿತು. ಗಾಡಿ ನನ್ನ ತಕ್ಕಡಿಯ ಮೇಲೆ ಬಂತು. ಎತ್ತು ಅಲ್ಲೇ ಮಂಡಿಯೂರಿತು, ಮತ್ತೆ ಏಳಲಿಲ್ಲ. ನನ್ನ ಪುಸ್ತಕದಲ್ಲಿ ಅದು ಒಂದು ಗಾಡಿ. ಒಂದೇ. ನಾನು ತೂಕ ಬರೆದು, ಶಾಯಿ ಒಣಗಿಸಿ, ಆಮೇಲೆ ಎತ್ತಿನ ಕಡೆ ನೋಡಿದೆ.

ಮೇ ತಿಂಗಳಲ್ಲಿ ನೀನೇ ಬರೆದಿದ್ದೆ: ಎರಡು ಸಲ ಎಬ್ಬಿಸಿ ಎರಡು ಸಲ ಕೂರಿಸಿದ ಅಂತ. ಓದಿದೆ, ನಕ್ಕೆ, ಮಡಿಸಿಟ್ಟೆ. ಎಬ್ಬಿಸಿದಾಗೆಲ್ಲ ನೀನು ಚೆಂಡೆಸೆಯುತ್ತೀಯ, ಅಲ್ಲವೇ? ಪೂರ್ತಿ ಬಲ ಹಾಕಿ? ಅದನ್ನು ಯಾರು ಬರೆದುಕೊಳ್ಳುತ್ತಾರೆ? ನಮ್ಮ ಹಲಗೆಯಲ್ಲಿ ಇಲ್ಲ, ಪತ್ರಿಕೆಯಲ್ಲಿ ಇಲ್ಲ. ನನಗೆ ಆ ಅಂಕಿ ಬೇಕು. ತುಂಬಿದ ಗಾಡಿ ವಾಪಸು ಹೋದದ್ದು ಎಷ್ಟು ಸಲ? ಕೇಳಿ ಬರೆ.

ಇನ್ನೊಂದು. ನಾನೂ ನಿನಗೆ ಒಂದು ಮುಚ್ಚಿಟ್ಟಿದ್ದೇನೆ. ಜೂನಿನಲ್ಲಿ ಪ್ರಾಕ್ಸೆದೆಸ್ ನನ್ನ ಪಕ್ಕ ಕೂತನಲ್ಲ, "ಅಕ್ಟೋಬರಿಂದ ನಿಮ್ಮ ಅಳಿಯ ನಮ್ಮ ತಂಡಕ್ಕೆ ಎಸೀತಾನಾ?" ಅಂದ. ನಾನು ಡಾಮಿನೊ ಗೆಲ್ಲುತ್ತಿದ್ದ ಮತ್ತಿನಲ್ಲಿ "ಎಸೀದೆ ಏನು?" ಅಂದುಬಿಟ್ಟೆ. ಎಲ್ಲರ ಎದುರು ಮಾತು ಕೊಟ್ಟುಬಿಟ್ಟೆ. ನಿನ್ನ ತೋಳನ್ನು ನಾನು ಚಳಿಗಾಲಕ್ಕೂ ಕೊಟ್ಟಾಗಿತ್ತು, ಮಗನೇ. ಕೇಳದೆ.

ನಿನ್ನ ಮಾವ


ಪಿಟ್ಸ್‌ಬರ್ಗ್
28 ಆಗಸ್ಟ್ 1976

ಮಾವ, ಆಶೀರ್ವಾದ ಮಾಡಿ.

ಹೌದು, ಇದು ಬಲಗೈ. ಜೂನ್ ಮಧ್ಯದಿಂದ ಎಸೆದ ಮೇಲೆ ಎಡಗೈಯ ಎರಡು ಬೆರಳು ಮರಗಟ್ಟುತ್ತವೆ. ಮರುದಿನ ಮಧ್ಯಾಹ್ನದ ಹೊತ್ತಿಗೆ ಸರಿಹೋಗುತ್ತವೆ, ಅಂದರೆ ಚೆಂಡು ಹಿಡಿಯುತ್ತವೆ. ಪೆನ್ನು ಹಿಡಿಯುವುದಿಲ್ಲ. ಅಂಗಿ ಗುಂಡಿಯೂ ಹಾಕುವುದಿಲ್ಲ. ನಿಮ್ಮ ಗುಂಡಿಯ ಕಥೆ ಓದಿ, ಇವರಿಗೆ ಹೇಗೆ ಗೊತ್ತಾಯಿತು ಅಂತ ಒಂದು ಕ್ಷಣ ಬೆವತೆ.

ಯಾಕೆ ಹೇಳಲಿಲ್ಲ ಅಂದರೆ, ಹೇಳಿದರೆ ನೀವು ಹಲಗೆ ಇಳಿಸುತ್ತೀರಿ. ಮಾವ, ಹನ್ನೊಂದು ವರ್ಷದಲ್ಲಿ ನನ್ನ ಹೆಸರನ್ನು ಯಾರೂ ಎಲ್ಲಿಯೂ ದಿನಾ ಬರೆದಿರಲಿಲ್ಲ.

ನಿಮ್ಮ ಕಾಗದ ಬಂದ ದಿನ ದೊಡ್ಡಿಯಲ್ಲಿ ಗಸ್‌ನನ್ನು ಕೇಳಿದೆ: "ನನ್ನನ್ನ ಸುಮ್ಮನೆ ಎಬ್ಬಿಸಿ ಕೂರಿಸಿದ್ದು ಈ ವರ್ಷ ಎಷ್ಟು ಸಲ ಇರಬಹುದು?" ಅವನು ಹಿಂದಿನ ಜೇಬಿನಿಂದ ಬೆವರಿಗೆ ನೆನೆದ ಪುಟ್ಟ ಪುಸ್ತಕ ತೆಗೆದ. ಪ್ರತಿಯೊಬ್ಬನ ಹೆಸರಿನ ಮುಂದೆ ಗೀಟುಗಳು. ನನ್ನ ಹೆಸರಿಗೆ ಒಂದು ಪುಟ ಸಾಲದೆ ಮುಂದಿನ ಪುಟಕ್ಕೂ ಹರಿದಿದ್ದವು.

"ಎಪ್ಪತ್ತೊಂದು," ಅಂದ.

"ಇಷ್ಟು ದಿನ ಯಾಕಯ್ಯಾ ಹೇಳಲಿಲ್ಲ?"

"ನಲವತ್ತು ವರ್ಷದಲ್ಲಿ ಕೇಳಿದ ಮೊದಲನೇವನು ನೀನೇ ಕಣೋ ಎಡಚ."

ಮಾವ, ಇಳಿದದ್ದು ಅರವತ್ತೆರಡು, ಇಳಿಯದೆ ಎಸೆದದ್ದು ಎಪ್ಪತ್ತೊಂದು. ಎರಡನ್ನೂ ಒಟ್ಟಿಗೆ ನೋಡಿದಾಗ ಬೆರಳಿನ ಮೇಲೆ ಸಿಟ್ಟು ಹೋಯಿತು. ಪಾಪ, ಅವು ಏನು ಮಾಡಾವು ಅನ್ನಿಸಿತು.

ಪುಸ್ತಕ ತೆಗೆದುಕೊಂಡು ನೇರ ಡಂಫಿಯ ಕೋಣೆಗೆ ಹೋದೆ. ಅವನು ಕಾಲು ಮೇಜಿನ ಮೇಲಿಟ್ಟು ಸ್ಯಾಂಡ್‌ವಿಚ್ ತಿನ್ನುತ್ತಿದ್ದ.

"ಸಾರ್, ನೀವು ಕರೆದಾಗ ಒಂದು ದಿನವೂ ಇಲ್ಲ ಅಂದಿಲ್ಲ. ಇನ್ನು ಮುಂದೂ ಅನ್ನಲ್ಲ. ಆದರೆ ಎಬ್ಬಿಸಿದರೆ ಇಳಿಸಬೇಕು. ಇಳಿಸಲ್ಲ ಅಂದರೆ ಎಬ್ಬಿಸಬೇಡಿ."

"ನನಗೇ ಕಾನೂನು ಹೇಳೋಕೆ ಬಂದ್ಯಾ?"

"ಇಲ್ಲ ಸಾರ್, ಅಂಕಿ ತೋರಿಸೋಕೆ ಬಂದೆ."

ನೋಡಿದ. ಅಗಿಯುವುದು ನಿಂತಿತು. "ಇದನ್ನ ಯಾವ ಮುಠ್ಠಾಳ ಎಣಿಸ್ತಾನೆ?" ಅಂದ. "ನಮ್ಮ ಮಾವ," ಅಂದೆ. ಗಸ್‌ನ ಕೆಲಸ ಉಳಿಯಲಿ ಅಂತ.

ಅದಾದ ಮೇಲೆ ಆರು ದಿನ ಫೋನು ನನಗಾಗಿ ಬಡಿಯಲೇ ಇಲ್ಲ. ಇದು ಶಿಕ್ಷೆಯೋ ಒಪ್ಪಿಗೆಯೋ ಗೊತ್ತಿಲ್ಲ. ಪ್ರೂಯಿಟ್ ನಾಲ್ಕು ಮುಂದೆ ಹೋಗಿದ್ದಾನೆ. ವೈದ್ಯರು ನೋಡಿದರು. ಏನೂ ಹರಿದಿಲ್ಲವಂತೆ, ದಣಿದಿದೆ ಅಷ್ಟೇ. ಹೀಗೇ ಮುಂದುವರಿದರೆ ಹರಿಯುತ್ತದೆ ಅಂದರು. ಹಲಗೆಯಲ್ಲಿ ಪ್ರೂಯಿಟ್‌ನ ಹೆಸರು ದೊಡ್ಡದಾಗಿಯೇ ಬರೆಸಿ. ನನಗೆ ಬೇಸರವಿಲ್ಲ. ಇದ್ದರೂ ಸ್ವಲ್ಪವೇ.

ನಿಮ್ಮ ಎವಾರಿಸ್ತೊ


ಅಗ್ವಾಡಾ
5 ಸೆಪ್ಟೆಂಬರ್ 1976

ಮಗನೇ,

ದೇವರು ಹರಸಲಿ, ತೋಳನ್ನು ಪ್ರತ್ಯೇಕವಾಗಿ ಹರಸಲಿ.

ಬಿಳಿ ಅಂಗಿ ಹಾಕಿಕೊಂಡು, ಟೋಪಿ ಕೈಯಲ್ಲಿ ಹಿಡಿದುಕೊಂಡು ಔಷಧಿ ಅಂಗಡಿಗೆ ಹೋದೆ. ನಿಂತುಕೊಂಡೇ ಹೇಳಿದೆ: "ಡಾನ್ ಪ್ರಾಕ್ಸೆದೆಸ್, ನನ್ನದಲ್ಲದ ತೋಳಿನ ಮೇಲೆ ನಾನು ಮಾತು ಕೊಟ್ಟಿದ್ದೆ. ಆ ಮಾತು ವಾಪಸು ಬೇಕು."

"ಇಡೀ ಊರಿಗೆ ಹೇಳಾಗಿದೆಯಲ್ರೀ! ಜನ ನನ್ನನ್ನ ಏನಂತಾರೆ?"

"ಇಲಾರಿಯೊ ಸುಳ್ಳ ಅಂತಾರೆ. ಅನ್ನಲಿ ಬಿಡಿ, ನನಗೆ ಒಂದೇ ಕಿವಿ."

ಅವನು ಐದು ನಿಮಿಷ ಮುನಿಸಿಕೊಂಡ. ಆಮೇಲೆ ಒಳಗೆ ಹೋಗಿ, ತೋಳಿಗೆ ಹಚ್ಚುವ ಕರ್ಪೂರದ ಎಣ್ಣೆಯ ಶೀಸೆ ತಂದು ಕೈಯಲ್ಲಿಟ್ಟ. ದುಡ್ಡು ಬೇಡ ಅಂದ.

ಆಮೇಲೆ ಕ್ಷೌರದಂಗಡಿ. ಹಲಗೆ ಇಳಿಸಲಿಲ್ಲ. ಇಳಿಸುತ್ತೇನೆ ಅಂತ ನೀನು ಯಾಕಂದುಕೊಂಡೆ? ನಿನ್ನ ಹೆಸರಿನ ಪಕ್ಕ ಇನ್ನೊಂದು ಚೌಕದ ಮನೆ ಗೀರಿಸಿದೆ. ಎಪ್ಪತ್ತೊಂದು ಅಂತ ಬರೆ ಅಂದೆ. ಮೊಂಚೊ ಸೊಂಟದ ಮೇಲೆ ಕೈಯಿಟ್ಟ.

"ಡಾನ್ ಇಲಾರಿಯೊ, ಆಡದ ಆಟಕ್ಕೆಲ್ಲ ಅಂಕಿ ಇಲ್ಲ. ಅದು ಲೀಗಿನ ನಿಯಮ. ಪುಸ್ತಕದಲ್ಲಿ ಇರೋದನ್ನ ಮಾತ್ರ ಬರೀತೀನಿ."

ವಾದ ಮಾಡಿದೆ, ಲುಸೆರೊನ ಕಥೆ ಹೇಳಿದೆ. ಅಂಗಡಿಯಲ್ಲಿದ್ದವರೆಲ್ಲ ತಲೆದೂಗಿದರು, ಮೊಂಚೊ ಮಾತ್ರ ಜಗ್ಗಲಿಲ್ಲ. ಹಲಗೆ ಅವನದು, ಸೀಮೆಸುಣ್ಣವೂ ಅವನದು. ಆ ಮನೆ ಖಾಲಿಯೇ ನಿಂತಿದೆ.

ಮಿಗ್ದಾಲಿಯಾ ನಿನಗೆ ಬೈದದ್ದು ಫೋನಿನಲ್ಲಿ ಸರಿಯಾಗಿ ಕೇಳಿಸಿತೇ? ರಸ್ತೆಯಲ್ಲಿ ನಿಂತಿದ್ದ ನನಗೇ ಕೇಳಿಸಿತು.

ನಿನ್ನ ಮಾವ


ಬಫಲೊ
4 ಅಕ್ಟೋಬರ್ 1976

ಮಾವ, ಆಶೀರ್ವಾದ ಮಾಡಿ.

ಅಕ್ಷರ ನೋಡಿ. ಹಿಂದಕ್ಕೆ ಒರಗಿದೆಯೇ? ಯಜಮಾನ ವಾಪಸು ಬಂದಿದ್ದಾನೆ. ಸ್ವಲ್ಪ ಬಡವಾಗಿದ್ದಾನೆ, ಅಷ್ಟೇ.

ಡಂಫಿ ಏನೂ ಹೇಳಲಿಲ್ಲ, ಆದರೆ ಏಳನೆಯ ದಿನ ಎಬ್ಬಿಸಿದ, ಇಳಿಸಿದ. ಮರುದಿನವೂ ಹಾಗೇ. ಅಲ್ಲಿಂದ ಇಲ್ಲಿಯವರೆಗೆ ಗಸ್‌ನ ಪುಸ್ತಕದಲ್ಲಿ ನನ್ನ ಹೆಸರಿಗೆ ಒಂದು ಗೀಟೂ ಏರಲಿಲ್ಲ. ಎಪ್ಪತ್ತೊಂದಕ್ಕೇ ನಿಂತಿದೆ. ಈಗ ಬೇರೆಯವರೂ ಅವನ ಪುಸ್ತಕ ಕೇಳಿ ನೋಡುತ್ತಾರೆ. ಮುದುಕನಿಗೆ ಒಂದಿಷ್ಟು ಜಂಬ ಬಂದಿದೆ.

ನಿನ್ನೆ ಕೊನೆಯ ಪಂದ್ಯ. ಬಿಸಿಲಿತ್ತು. ನಾನು ಎಪ್ಪತ್ತೆಂಟು, ಪ್ರೂಯಿಟ್ ಎಪ್ಪತ್ತೆಂಟು, ಅವನ ತಂಡದ ಆಟ ಶನಿವಾರವೇ ಮುಗಿದಿತ್ತು. ಎಂಟನೆಯ ಸರದಿ. ನಾವು ಒಂದು ರನ್ ಮುಂದೆ, ಎದುರಾಳಿಯ ಇಬ್ಬರು ಔಟಾಗಿದ್ದಾರೆ, ಮೊದಲ ಬೇಸಿನಲ್ಲಿ ಒಬ್ಬ ಓಟಗಾರ. ಫೋನು ಬಡಿಯಿತು. ಗಸ್ ನನ್ನ ಕಡೆ ನೋಡಿದ. ದೊಡ್ಡಿಯಲ್ಲೇ ಹದಿನೈದು ಚೆಂಡು ಎಸೆದು ಕೈ ಬಿಸಿ ಮಾಡಿಕೊಂಡೆ. ನಡೆದುಕೊಂಡು ಮೈದಾನದ ನಡುವಿನ ದಿಬ್ಬಕ್ಕೆ ಹೋದೆ. ಡಂಫಿ ಚೆಂಡು ಕೈಯಲ್ಲಿಟ್ಟು, "ಎಬ್ಬಿಸಿದ್ದೀನಿ, ಇಳಿಸಿದ್ದೀನಿ. ಇನ್ನು ನಿನ್ನ ಮಾವನಿಗೆ ನನ್ನ ತಂಟೆಗೆ ಬರಬೇಡ ಅಂತ ಹೇಳು," ಅಂದ.

ಎಡಗೈಯವನಿಗೆ ದಿಬ್ಬದ ಮೇಲೆ ನಿಂತರೆ ಮೊದಲ ಬೇಸು ಮುಖಕ್ಕೆ ನೇರ ಎದುರಿಗೆ ಕಾಣುತ್ತದೆ. ಆ ಓಟಗಾರ ಹೊಸಬ. ಬೇಸು ಬಿಟ್ಟು ಎರಡು ಹೆಜ್ಜೆ ಬಂದ, ಮೂರು ಬಂದ. ನನ್ನ ಅಲ್ಲಲ್ಲಿ ನರೆತ ಗಡ್ಡ ನೋಡಿ ಅವನಿಗೆ ಧೈರ್ಯ ಬಂದಿರಬೇಕು. ಬ್ಯಾಟ್ ಹಿಡಿದವನಿಗೆ ಎಸೆಯುವ ಹಾಗೆ ಕಾಲೆತ್ತಿದೆ, ಎಸೆದದ್ದು ಮೊದಲ ಬೇಸಿಗೆ. ಅವನು ಬೇಸಿಗೆ ವಾಪಸು ಬೀಳುವಷ್ಟರಲ್ಲಿ ಚೆಂಡು ಅಲ್ಲಿ ಕೂತು ಕಾಯುತ್ತಿತ್ತು. ಔಟ್. ಮೂವರಾದರು, ಸರದಿ ಮುಗಿಯಿತು. ಒಂಬತ್ತನೆಯದಕ್ಕೆ ಬೇರೆಯವನನ್ನು ಇಳಿಸಿದರು, ಗೆದ್ದೆವು.

ಮಾವ, ಬ್ಯಾಟ್ ಹಿಡಿದವನಿಗೆ ನಾನು ಒಂದು ಚೆಂಡನ್ನೂ ಎಸೆಯಲಿಲ್ಲ. ಆದರೂ ಪಂದ್ಯಕ್ಕೆ ಇಳಿದವನು ಇಳಿದವನೇ, ನಿಯಮ ಹಾಗಿದೆ. ಎಪ್ಪತ್ತೊಂಬತ್ತು.

ದೊಡ್ಡಿಗೆ ವಾಪಸು ಹೋದಾಗ ಗಸ್ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಆಮೇಲೆ ಮುಖ ಒರೆಸಿಕೊಂಡು ಆ ಪುಸ್ತಕದ ನನ್ನ ಎರಡು ಪುಟ ಹರಿದು ಕೊಟ್ಟ. ಇದರೊಳಗೆ ಇಟ್ಟಿದ್ದೇನೆ. ನಿಮಗೆ.

ಹದಿನಾರಕ್ಕೆ ಬರುತ್ತೇನೆ. ಚಳಿಗಾಲ ಪೂರ್ತಿ ಚೆಂಡು ಮುಟ್ಟುವುದಿಲ್ಲ. ಡಾಮಿನೊ ಬಲಗೈಯಲ್ಲೂ ಆಡಬಹುದು.

ನಿಮ್ಮ ಎವಾರಿಸ್ತೊ


ಅಗ್ವಾಡಾ
11 ಅಕ್ಟೋಬರ್ 1976

ಮಗನೇ,

ದೇವರು ಹರಸಲಿ. ಈ ಕಾಗದ ತಲುಪುವಷ್ಟರಲ್ಲಿ ನೀನು ಹೊರಟಿರುತ್ತೀಯ, ಆದರೂ ಬರೆಯುತ್ತೇನೆ. ಹದಿನಾರರವರೆಗೆ ಕಾಯುವುದು ನನ್ನಿಂದಾಗುವುದಿಲ್ಲ.

ಇವತ್ತು ಬೆಳಿಗ್ಗೆ ನಿನ್ನ ಕಾಗದವನ್ನು ಕ್ಷೌರದಂಗಡಿಯಲ್ಲಿ ನಿಂತು ಗಟ್ಟಿಯಾಗಿ ಓದಿದೆ. ಪ್ರಾಕ್ಸೆದೆಸ್ ಬಂದಿದ್ದ, ರಿಂಕೋನಿನವರು ಬಂದಿದ್ದರು, ಮಿಗ್ದಾಲಿಯಾ ಬಾಗಿಲಲ್ಲಿ ನಿಂತಿದ್ದಳು. ಓಟಗಾರ ಮೂರನೆಯ ಹೆಜ್ಜೆ ಇಟ್ಟ ಕಡೆ ನಾನು ಸುಮ್ಮನೆ ಕನ್ನಡಕ ಒರೆಸಿಕೊಂಡೆ. ಕಾಯಲಿ ಅಂತ. "ಓದ್ರೀ ಮುದುಕಪ್ಪಾ!" ಅಂತ ನೊರೆ ಹಚ್ಚಿಕೊಂಡವನೊಬ್ಬ ಕೂಗಿದ.

ಓದಿ ಮುಗಿಸಿದೆ. "ಮೊಂಚೊ, ಎಪ್ಪತ್ತೊಂಬತ್ತು," ಅಂದೆ.

ಅವನು ಸೀಮೆಸುಣ್ಣ ಹಿಡಿದು ನಿಂತ, ಬರೆಯಲಿಲ್ಲ. ತಲೆ ಕೆರೆದುಕೊಂಡ. "ಒಂದು ಚೆಂಡೂ ಎಸೆದಿಲ್ಲ ಅಂತ ಅವನೇ ಬರೆದಿದ್ದಾನಲ್ಲ ಡಾನ್ ಇಲಾರಿಯೊ. ಎಸೆಯದೇ ಇದ್ದದ್ದನ್ನ ಪಂದ್ಯ ಅಂತ ಹೇಗೆ ಬರೀಲಿ?"

"ಲೀಗಿನ ಪುಸ್ತಕದಲ್ಲಿ ಇದೆ. ಪುಸ್ತಕದಲ್ಲಿ ಇರೋದನ್ನ ಬರೀತೀನಿ ಅಂದಿದ್ದೆ."

"ಇದೆ, ಆದ್ರೂ..."

ಆಗ ಜೇಬಿನಿಂದ ಗಸ್‌ನ ಆ ಎರಡು ಪುಟ ತೆಗೆದು, ಕನ್ನಡಿಯ ಅಂಚಿಗೆ ಸಿಕ್ಕಿಸಿದೆ, ಎಲ್ಲರಿಗೂ ಗೀಟು ಕಾಣುವ ಹಾಗೆ.

"ನೋಡು ಮೊಂಚೊ. ಎಪ್ಪತ್ತೊಂದು ಸಲ ಅವನು ತೋಳು ಬೀಳೋ ಹಾಗೆ ಎಸೆದ, ನೀನು ಏನೂ ಬರೀಲಿಲ್ಲ. ಒಂದು ಸಲ ಎಸೆಯದೆ ಗೆದ್ದಿದ್ದಾನೆ. ಬರಿ."

ಮೊಂಚೊ ಕನ್ನಡಿಯ ಮುಂದೆ ಹೋಗಿ ಬಗ್ಗಿದ. ತುಟಿ ಅಲ್ಲಾಡುತ್ತಿತ್ತು, ಗೀಟು ಎಣಿಸುತ್ತಿದ್ದ. ಆಮೇಲೆ ಹಲಗೆಗೆ ಹೋಗಿ ಎಪ್ಪತ್ತೊಂಬತ್ತು ಬರೆದ. ಸೀಮೆಸುಣ್ಣ ಕೆಳಗಿಡಲಿಲ್ಲ. ಯಾರೂ ಹೇಳದೆ, ಪಕ್ಕದ ಖಾಲಿ ಮನೆಯಲ್ಲಿ, ಇನ್ನೂ ಸ್ವಲ್ಪ ದಪ್ಪಗೆ, ಎಪ್ಪತ್ತೊಂದನ್ನೂ ಬರೆದ.

ನಿನ್ನ ಮಾವ,
ಇಲಾರಿಯೊ